ರೋಸ್ಕಿಲ್ಡೆಯ ರಾಜನೂ ರಾಯಲ್ಪಾಡಿನ ಅಣ್ಣನೂ

ಆಟದಲ್ಲಿ ಇಟ್ಟ ಕಾಯಿಯನ್ನು ಹಿಂದಕ್ಕೆ ತೆಗೆದುಕೊಳ್ಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರಿಲ್ಲ ಅನ್ನಿಸಿದರೆ ಇನ್ನೊಮ್ಮೆ ಯೋಚಿಸಿ, ಅದು ನೀವೇ ಇರಬಹುದು. ಚೌಕಾಬಾರವಾಗಲಿ, ಪಗಡೆಯಾಗಲಿ, ಇವರ ಬೆರಳು ಕಾಯಿಯನ್ನು ಬಿಟ್ಟರೂ ಮನಸ್ಸು ಬಿಟ್ಟಿರುವುದಿಲ್ಲ. ಎದುರಿನವರು ಇನ್ನೇನು ಕೈ ಚಾಚಬೇಕು, ಅಷ್ಟರಲ್ಲಿ "ತಾಳು ತಾಳು, ನಾನು ನೋಡ್ಲಿಲ್ಲ" ಎಂದು ಕಾಯಿ ಎತ್ತಿಕೊಂಡುಬಿಡುತ್ತಾರೆ. ಅವರು ಮೋಸಗಾರರಲ್ಲ. ನೋಡಲಿಲ್ಲ ಎಂಬುದು ಅವರ ಮಟ್ಟಿಗೆ ನಿಜವೇ. ನೋಡದೆ ಮಾಡಿದ್ದು ಲೆಕ್ಕಕ್ಕಿಲ್ಲ ಎಂಬುದು ಅವರ ಪ್ರಾಮಾಣಿಕ ನಂಬಿಕೆ.

ನಮ್ಮ ಮನೆಯಲ್ಲಿ ಆ ಒಬ್ಬರು ನಮ್ಮಣ್ಣ.

ನಮ್ಮದು ರಾಯಲ್ಪಾಡಿನ ಕಡೆ. ಜೋರಾಗಿ ಕೂಗಿದರೆ ಆಂಧ್ರದಲ್ಲಿ ಯಾರಾದರೂ ಓಗೊಡುವಷ್ಟು ಹತ್ತಿರ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಜಗಳಕ್ಕೆ ಎರಡೂ. ಮನೆಯ ಮುಂದೆ ಕಲ್ಲುಚಪ್ಪಡಿಯ ಜಗಲಿ ಇತ್ತು, ಈಗಲೂ ಇದೆ. ಅದರ ಮೇಲೆ ಹಿರೀಕರು ಯಾರೋ ಹುಲಿ ಕುರಿ ಆಟದ ಮನೆಯನ್ನು ಉಳಿಯಿಂದ ಕೊರೆದಿದ್ದಾರೆ. ನಮ್ಮ ಕಡೆ ಅದನ್ನು ಪುಲಿಮೇಕ ಎನ್ನುತ್ತೇವೆ. ಒಬ್ಬರದು ಮೂರೇ ಹುಲಿ, ಇನ್ನೊಬ್ಬರದು ಒಂದು ಮಂದೆ ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತದೆ. ಕುರಿಗಳು ಒತ್ತೊತ್ತಾಗಿ ನಿಂತು, ಹುಲಿ ಎತ್ತ ಕಡೆಯೂ ಕದಲದ ಹಾಗೆ ಕಟ್ಟಿಹಾಕುತ್ತವೆ. ಅಣ್ಣ ಯಾವಾಗಲೂ ಹುಲಿ. ಎದುರಿಗೆ ಯಾರು ಕೂತರೂ ಕುರಿ.

ಹುಲಿಗೆ ಮೂರು ಬೆಣಚುಕಲ್ಲು, ಕುರಿಗೆ ಹುಣಸೆಬೀಜ. ನನ್ನ ಕೆಲಸ ಸತ್ತ ಕುರಿಗಳನ್ನು ಲಂಗದ ಮಡಿಲಿಗೆ ಹಾಕಿಕೊಳ್ಳುವುದು. ಮಡಿಲು ತುಂಬಿದ ಮೇಲೆ ಒಳಗೆ ಹೋಗಿ ಒಲೆಯ ಬಿಸಿಬೂದಿಯಲ್ಲಿ ಅವನ್ನು ಸುಟ್ಟು, ಸಿಪ್ಪೆ ಸಿಡಿದ ಮೇಲೆ ಕಟುಮ್ ಎಂದು ಕಡಿಯುತ್ತಿದ್ದೆ. ಹಾಗಾಗಿ ನಮ್ಮ ಮನೆಯಲ್ಲಿ ಆಟಕ್ಕೊಂದು ಹೊಸ ಮಂದೆ ಬೇಕಾಗುತ್ತಿತ್ತು. ಹುಲಿಗಿಂತ ಹೆಚ್ಚು ಕುರಿ ತಿಂದವಳು ನಾನೇ ಎಂದು ಅಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಹೆಣ್ಣುಮಕ್ಕಳು ಆಡಬಾರದು ಎಂದು ಯಾರೂ ಹೇಳಿರಲಿಲ್ಲ. ಆಡು ಎಂದೂ ಹೇಳಲಿಲ್ಲ, ಅಷ್ಟೇ. ನಾನು ನೋಡುತ್ತಾ ಕೂರುತ್ತಿದ್ದೆ. ಅಣ್ಣ ಇಟ್ಟ ಹುಲಿಯನ್ನು ಎತ್ತಿಕೊಂಡಾಗ "ಅಣ್ಣ ಮೋಸ ಮಾಡ್ದ" ಎಂದು ಕಿರುಚಿದರೆ ಅಮ್ಮ ಒಳಗಿನಿಂದಲೇ "ಪೋನೀಲೇ" ಎನ್ನುತ್ತಿದ್ದಳು. ಹೋಗಲಿ ಬಿಡೇ ಅಂತ. ಹಾಗೆ ಮನೆಯವರೆಲ್ಲ ಸೇರಿ, ಊರೂ ಸ್ವಲ್ಪ ಕೈಜೋಡಿಸಿ, ನಮ್ಮಣ್ಣನನ್ನು ಒಂದು ಸಲವೂ ಸೋಲದ ಹಾಗೆ ಬೆಳೆಸಿಬಿಟ್ಟೆವು. ಮನುಷ್ಯ ಒಳ್ಳೆಯವನು. ಮಾವಿನ ತೋಪು, ಟೊಮೆಟೊ, ನಾಲ್ಕು ಹಸು, ಬಂದವರಿಗೆ ಊಟ. ಇದೊಂದು ಚಾಳಿ.

ನನ್ನನ್ನು ಮಾಲೂರಿಗೆ ಕೊಟ್ಟರು. ನಮ್ಮ ಮನೆಯವರು ರೈಲ್ವೆಯಲ್ಲಿದ್ದವರು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ರೈಲ್ವೆಯವರ ಸ್ವಭಾವ ನಿಮಗೆ ಗೊತ್ತಿರಬೇಕು. ಒಂದು ನಿಮಿಷ ಎಂದರೆ ಅವರಿಗೆ ಅರವತ್ತೇ ಸೆಕೆಂಡು, ರೈಲು ಬಿಡಬಹುದು ಎಂದು ಲೈನ್ ಕ್ಲಿಯರ್ ಕೊಟ್ಟರೆ ಅದು ಕೊಟ್ಟದ್ದೇ. ತರಕಾರಿಯವನ ಹತ್ತಿರ ಒಂದು ಕಟ್ಟು ಸೊಪ್ಪು ಎತ್ತಿಟ್ಟ ಮೇಲೆ ನಾನು ಬೇರೆ ಕಟ್ಟು ಆರಿಸಿದರೆ, "ಲೈನ್ ಕ್ಲಿಯರ್ ಕೊಟ್ಟ ಮೇಲೆ ಕೊಟ್ಟಂಗೆ ಕಣೇ" ಎಂದು ಬೀದಿಯಲ್ಲೇ ಮುಖ ಸಣ್ಣಗೆ ಮಾಡುತ್ತಾರೆ.

ಇಂಥವರಿಬ್ಬರು ಪ್ರತಿವರ್ಷ ಯುಗಾದಿಯ ಮಾರನೆಯ ದಿನ, ಅಂದರೆ ವರ್ಷತೊಡಕಿನ ದಿನ, ನಮ್ಮ ತವರಿನ ಜಗಲಿಯಲ್ಲಿ ಎದುರುಬದುರು ಕೂತು ಪುಲಿಮೇಕ ಆಡುತ್ತಿದ್ದರು. ಒಳಗೆ ಮಟನ್ ಸಾರು ಕುದಿಯುತ್ತಿತ್ತು, ಹೊರಗೆ ಇವರು. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು, ಇಬ್ಬರೂ ನೀವು ತಾವು. ಅಣ್ಣ ಹುಲಿಯನ್ನು ಹಿಂದಕ್ಕೆ ತೆಗೆದುಕೊಂಡಾಗಲೆಲ್ಲ ನಮ್ಮ ಮನೆಯವರು ಆಕಾಶ ನೋಡುತ್ತಿದ್ದರು. ಹೆಂಡತಿಯ ತವರು, ಹಬ್ಬದ ದಿನ, ಮಸಾಲೆಯ ವಾಸನೆ ಬೇರೆ. ಎಷ್ಟೋ ವರ್ಷ ಹೀಗೆ ಆಕಾಶ ನೋಡಿಕೊಂಡೇ ಕಳೆದರು.

ಹೋದ ವರ್ಷ ಆಕಾಶ ನೋಡಲಿಲ್ಲ. ಎರಡು ಹುಲಿ ಕಟ್ಟಿಹಾಕಿಯಾಗಿತ್ತು. ಮೂರನೆಯದನ್ನು ಅಣ್ಣ ತಾನಾಗಿಯೇ ಒಂದು ಮೂಲೆಗೆ ತಂದಿಟ್ಟ. ನಮ್ಮ ಮನೆಯವರು ಹುಣಸೆಬೀಜ ಸರಿಸಲು ಕೈ ಚಾಚಿದರು. "ತಾಳಿ ಭಾವ, ನಾನು ನೋಡ್ಲಿಲ್ಲ" ಎಂದು ಅಣ್ಣ ಹುಲಿ ಎತ್ತಿಕೊಂಡ. ನಮ್ಮ ಮನೆಯವರು ಅಂಗೈಯಿಂದ ಇಡೀ ಆಟವನ್ನು ಸವರಿ ಜಗಲಿಯಿಂದ ಕೆಳಕ್ಕೆ ಚೆಲ್ಲಿದರು. ಎದ್ದು ಚಪ್ಪಲಿ ಹಾಕಿಕೊಂಡರು.

ಅಣ್ಣ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನೆಂಟರೆಲ್ಲ ನೋಡುತ್ತಿದ್ದರಲ್ಲ, ಅವನ ಮುಖ ಕೆಂಪಾಗಿತ್ತು. "ಓಡೋಗ್ತಾವ್ನೆ ನೋಡ್ರಪ್ಪಾ, ಓಡೋಗ್ತಾವ್ನೆ!" ಎಂದು ಕೂಗಿದ.

ನಮ್ಮ ಮನೆಯವರು ಮೆಟ್ಟಿಲ ಮೇಲೆ ನಿಂತು ತಿರುಗಿದರು. "ಓಡಿದ್ದು ಯಾರು ಅಂತ ನಂಗೊತ್ತು. ಮಾವ ಬಿದ್ದಾಗ ಆಸ್ಪತ್ರೆ ಬಾಗಿಲಲ್ಲಿ ಮುಖ ತೋರಿಸ್ದೇ ಇದ್ದೋನು ನೀನು. ಆವತ್ತು ನಾನಿಲ್ದೇ ಇದ್ದಿದ್ರೆ ನಿಮ್ಮಪ್ಪನ್ನ ಯಾರು ಎತ್ಕೊಂಡು ಓಡಾಡ್ತಿದ್ರು?"

ಅದು ನಿಜ. ಅಪ್ಪನ ಕೊನೆಗಾಲದಲ್ಲಿ ಅವರನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ ನೋಡಿಕೊಂಡವರು ನಮ್ಮ ಮನೆಯವರೇ. ಅಣ್ಣನಿಗೆ ಆಸ್ಪತ್ರೆ ಎಂದರೆ ಹೆದರಿಕೆ. ಅವನು ತೋಪಿನಲ್ಲಿ ಕೂತು ಅಳುತ್ತಿದ್ದ. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಿರಲಿಲ್ಲ. ಈಗ ಆಡಿಯಾಗಿತ್ತು. ಮಸಾಲೆ ಮೆತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ನಾನು ಗಂಡನ ಹಿಂದೆ ಬಸ್‌ಸ್ಟಾಪಿಗೆ ನಡೆದೆ. ಊಟವಿಲ್ಲ. ದಾರಿಯುದ್ದಕ್ಕೂ ಅಳುತ್ತಿದ್ದೆ, ಇಬ್ಬರ ಮೇಲೂ ಕೋಪ ಬಂದಿತ್ತು.

ವರ್ಷತೊಡಕಿನ ದಿನ ಮಾಡಿದ್ದು ವರ್ಷಪೂರ್ತಿ ನಡೆಯುತ್ತದೆ ಎನ್ನುತ್ತಾರೆ ನಮ್ಮ ಕಡೆ. ಅದಕ್ಕೇ ಅವತ್ತು ಮಕ್ಕಳನ್ನು ಹೊಡೆಯುವುದಿಲ್ಲ, ಸಾಲ ಕೇಳುವುದಿಲ್ಲ, ಹೊಟ್ಟೆ ತುಂಬ ಉಣ್ಣುತ್ತೇವೆ. ನಮಗೆ ಆ ವರ್ಷಪೂರ್ತಿ ಮೌನ ನಡೆಯಿತು. ಬೇಸಿಗೆಯಲ್ಲಿ ಅಣ್ಣನ ತೋಪಿನಿಂದ ಹುಲ್ಲು ಹಾಸಿದ ಕ್ರೇಟಿನಲ್ಲಿ ಬರುತ್ತಿದ್ದ ಬಾದಾಮಿ ಮಾವಿನಹಣ್ಣು ಬರಲಿಲ್ಲ. ಮಾವಿನ ಸೀಮೆಯಲ್ಲಿ ಹುಟ್ಟಿದ ನಾನು ಮಾಲೂರು ಮಾರ್ಕೆಟ್ಟಿನಲ್ಲಿ ಹಣ್ಣು ಮೂಸಿ ನೋಡಿ ಕೊಂಡೆ. ಅಂಗಡಿಯವನಿಗೆ ನನ್ನ ಊರು ಗೊತ್ತು. ಅವನ ಮುಖ ನೋಡದೆ ಬಂದೆ.

ಅತ್ತಿಗೆಗೂ ನನಗೂ ಮಾತ್ರ ಮಾತು ನಿಲ್ಲಲಿಲ್ಲ. ಅವಳು ಮುಳಬಾಗಿಲಿನವಳು, ಗಟ್ಟಿಗಿತ್ತಿ. ಅಣ್ಣ ತೋಪಿಗೆ ಹೋದ ಮೇಲೆ ಅವಳು ಫೋನ್ ಮಾಡುವುದು, ನಮ್ಮ ಮನೆಯವರು ವಾಕಿಂಗಿಗೆ ಹೋದ ಮೇಲೆ ನಾನು ಮಾಡುವುದು. ಗಂಡಸರ ಹೆಜ್ಜೆಯ ಸದ್ದು ಕೇಳಿದರೆ "ಇಡ್ತೀನಿ" ಎಂದು ಪಿಸುಗುಟ್ಟುವುದು. ಈ ವಯಸ್ಸಿನಲ್ಲಿ, ಮಂಡಿನೋವಿನ ಮಾತ್ರೆಗಳ ನಡುವೆ, ಇಬ್ಬರು ಮುದುಕಿಯರು ಕದ್ದು ಮಾತಾಡುವ ಕಾಲೇಜು ಹುಡುಗಿಯರಾದೆವು. ಅತ್ತಿಗೆಯ ಚಿಂತೆ ಒಂದೇ. "ಇನ್ನೊಂದು ವರ್ಷತೊಡಕು ಹಿಂಗೇ ದಾಟಿಬಿಟ್ರೆ ಇದು ಕಲ್ಲಾಗೋಗುತ್ತೆ ಕಣೇ ಪಾಪಾ. ಆಮೇಲೆ ಯಾರ್ ಕೈಲೂ ಆಗಲ್ಲ." ಪಾಪ ಎಂದರೆ ನಾನೇ. ತವರಿನಲ್ಲಿ ಈಗಲೂ ಅದೇ ಹೆಸರು.

ಇಷ್ಟರ ನಡುವೆ ಅಮೀರ್ ಜಾನ್ ಸಾಬರು ಬಂದರು. ಅವರದು ಮಾಲೂರಿನಲ್ಲಿ ಗುಜರಿ ಅಂಗಡಿ. ತೂಕಕ್ಕೆ ಬರುವ ಪುಸ್ತಕಗಳಲ್ಲಿ ಚಿತ್ರವಿರುವುದನ್ನು ನನಗೆಂದು ತೆಗೆದಿಡುವುದು ಅವರ ವಾಡಿಕೆ. ಅವತ್ತು ಒಂದು ಇಂಗ್ಲಿಷ್ ಪುಸ್ತಕ ತಂದುಕೊಟ್ಟರು.

"ಟೀಚರಮ್ಮಾ, ಇದ್ಕೆ ರಟ್ಟು ಇಲ್ಲ, ಫೋಟೋ ಐತೆ. ಯಾವ್ದೋ ತಣ್ಣಗಿರೋ ಊರಂತೆ. ನಿಮ್ಗೆ ಆಯ್ತದೆ ಇಟ್ಕೊಳ್ಳಿ."

ಉತ್ತರ ದೇಶಗಳ ಹಳೆಯ ಊರುಗಳ ಪುಸ್ತಕ ಅದು. ಮೊದಲ ಪುಟಗಳೂ ಇರಲಿಲ್ಲ, ತೆರೆದರೆ ನೇರ ರೋಸ್ಕಿಲ್ಡೆ. ಡೆನ್ಮಾರ್ಕಿನ ಊರು. ಈಗ ಅಲ್ಲಿ ಜೋಡಿ ಗೋಪುರದ ದೊಡ್ಡ ಚರ್ಚಿದೆ. ಅದು ಇಟ್ಟಿಗೆಯದು ಎಂದು ಓದಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಮಾಲೂರಿನಲ್ಲಿ ಬಾಳಿದವಳಿಗೆ ಇಟ್ಟಿಗೆ ಎಂದರೆ ನೆಂಟರ ವಿಷಯ ಬಂದ ಹಾಗೆ. ನಮ್ಮ ಬಟ್ಟೆ ಒಣಗುವುದು ಊರ ಸುತ್ತಲಿನ ಇಟ್ಟಿಗೆ ಗೂಡುಗಳ ಹೊಗೆಯಲ್ಲಿ. ಅವರಿಗೆ ಇಟ್ಟಿಗೆ ಸುಡುವ ವಿದ್ಯೆ ದಕ್ಷಿಣದ ದೇಶಗಳಿಂದ ಬಂದು ಆಗ ಹೆಚ್ಚು ಕಾಲವಾಗಿರಲಿಲ್ಲವಂತೆ. ಆದರೂ ಅಷ್ಟು ದೊಡ್ಡದನ್ನು ಕಟ್ಟಲು ಹೊರಟರು. ಹೊಸದಾಗಿ ಕಲಿತವರ ಹುರುಪು, ನಮ್ಮ ಮನೆಯವರು ನಿವೃತ್ತಿಯಾದ ಮೇಲೆ ಅಡುಗೆ ಕಲಿತು ಮೊದಲ ದಿನವೇ ಬಿಸಿಬೇಳೆಬಾತಿಗೆ ಕೈ ಹಾಕಿದ್ದರು.

ಆದರೆ ಇಟ್ಟಿಗೆಯ ಚರ್ಚು ಮೂರನೆಯ ತಲೆಮಾರು. ಮೊದಲು ಅಲ್ಲಿ ಇದ್ದದ್ದು ನೀರು. ಸಮುದ್ರ ಒಂದು ಉದ್ದನೆಯ ತೋಳು ಚಾಚಿ ಒಳನಾಡಿನವರೆಗೆ ಬಂದಿದೆ. ಅದರ ದಂಡೆಯಲ್ಲಿ ಒಂದು ದಿಬ್ಬ, ದಿಬ್ಬದ ಮಗ್ಗುಲಿನಿಂದ ಹತ್ತಾರು ಬುಗ್ಗೆಗಳು ತಾವಾಗಿಯೇ ಉಕ್ಕುತ್ತವೆ. ಯಾವನೋ ಪುರಾಣದ ರಾಜನ ಬುಗ್ಗೆಗಳು ಎಂದು ಊರಿನ ಹೆಸರಿಗೆ ಅರ್ಥ ಹೇಳುತ್ತಾರೆ. ಊರೇ ಬುಗ್ಗೆಯಿಂದ ಹುಟ್ಟಿತು ಎಂದು ಓದಿ ನನಗೆ ಹೊಟ್ಟೆಕಿಚ್ಚಾಯಿತು. ಇಡೀ ಕೋಲಾರಕ್ಕೆ ನಾವು ಹೇಳಿಕೊಳ್ಳುವುದು ಒಂದು ಅಂತರಗಂಗೆ. ಬೆಟ್ಟದ ಮೇಲೆ ಕಲ್ಲುಬಸವನ ಬಾಯಿಂದ ಬೀಳುವ ಆ ಸಣ್ಣ ಧಾರೆಯನ್ನು ನಾವು ಬಂದ ನೆಂಟರಿಗೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತೇವೆ. ಉಳಿದದ್ದಕ್ಕೆ ಬೋರ್‌ವೆಲ್ಲು, ಟ್ಯಾಂಕರು.

ಆ ದಿಬ್ಬದ ಮೇಲೆ ಸಾವಿರ ವರ್ಷಕ್ಕೂ ಹಿಂದೆ ಒಬ್ಬ ರಾಜ ಮರದ ಚರ್ಚು ಕಟ್ಟಿಸಿದನಂತೆ. ಅವನಿಗೆ ನೀಲಿ ಹಲ್ಲಿನವನು ಎಂದು ಅಡ್ಡಹೆಸರು. ಫೋನಿನಿಂದ ಹಾಡು ಕಿವಿಗೆ ಬರಲು ಬ್ಲೂಟೂತ್ ಒತ್ತುತ್ತೇವಲ್ಲ, ಅದು ಅವನದೇ ಹೆಸರು. ಆಮೇಲೆ ಬಂದವರು, ಕಡಲ ಕಡೆಯಿಂದ ಶತ್ರುಗಳು ಬಾರದಿರಲೆಂದು ತಮ್ಮ ಹಳೆಯ ಹಡಗುಗಳಿಗೆ ಕಲ್ಲು ತುಂಬಿ ನೀರಿನ ದಾರಿಯಲ್ಲಿ ಮುಳುಗಿಸಿದರು. ದಾರಿ ಮುಚ್ಚಿತು. ಹಡಗುಗಳು ನೂರಾರು ವರ್ಷ ಅಲ್ಲೇ ಕೆಸರಿನಲ್ಲಿದ್ದವು. ಒಳ್ಳೆಯ ಹಡಗನ್ನು ಮುಳುಗಿಸುವಾಗ ಅದರಲ್ಲಿ ಓಡಾಡಿದವರಿಗೆ ಏನನ್ನಿಸಿರಬಹುದು ಎಂದು ಯೋಚಿಸುತ್ತಾ ಮುಂದಿನ ಪುಟ ತಿರುವಿದೆ.

ಅಲ್ಲಿತ್ತು ನಮ್ಮ ಮನೆಯ ಕಥೆ.

ಹಡಗು ಮುಳುಗಿಸುವುದಕ್ಕೂ ಮೊದಲಿನ ಮಾತು. ನೀಲಿ ಹಲ್ಲಿನವನ ಮೊಮ್ಮಗ ಆಗ ರಾಜ, ಸಮುದ್ರದ ಆಚೆಯೂ ರಾಜ್ಯವಿದ್ದ ದೊಡ್ಡ ರಾಜ. ಅವನ ತಂಗಿಯ ಗಂಡ ಅವನ ಸರದಾರ. ಹಬ್ಬದ ಕಾಲದಲ್ಲಿ ಭಾವ ಭಾವ ಇಬ್ಬರೂ ಈ ಊರಿನಲ್ಲಿ ಸೇರಿ ಆಟಕ್ಕೆ ಕೂತರು. ಚದುರಂಗ ಎಂದು ಕಥೆ ಹೇಳುತ್ತದೆ. ಆದರೆ ನಮ್ಮ ಚದುರಂಗ ಆ ಕಾಲಕ್ಕೆ ಅಷ್ಟು ದೂರ ಹೋಗಿತ್ತೇ ಎಂದು ತಿಳಿದವರಿಗೆ ಅನುಮಾನ. ಅವರಲ್ಲಿ ಬೇರೊಂದು ಆಟವಿತ್ತಂತೆ. ಒಬ್ಬರ ಕಡೆ ಕೆಲವೇ ಕಾಯಿ, ಇನ್ನೊಬ್ಬರ ಕಡೆ ದಂಡು. ದಂಡಿನವರು ಸುತ್ತುಗಟ್ಟಿ ನಡುವಿನವನನ್ನು ಕಟ್ಟಿಹಾಕಬೇಕು. ಇದು ಪುಲಿಮೇಕವಲ್ಲದೆ ಇನ್ನೇನು ಹೇಳಿ! ರಾಜ ಒಂದು ಕಾಯಿಯನ್ನು ತಪ್ಪಾಗಿ ಇಟ್ಟ, ಎದುರಿನವನು ಹೊಡೆದ. ರಾಜ ಕಾಯಿಯನ್ನು ಹಿಂದಕ್ಕೆ ಇಟ್ಟುಕೊಂಡು, ನೀನು ಬೇರೆ ಆಡು ಎಂದ. ಭಾವ ಆಟದ ಹಲಗೆಯನ್ನೇ ಮಗುಚಿ ಎದ್ದುಹೋದ. ಹೇಡಿ ಓಡುತ್ತಿದ್ದಾನೆ ಎಂದು ರಾಜ ಕೂಗಿದ. ಭಾವ ಬಾಗಿಲಲ್ಲಿ ನಿಂತು ತಿರುಗಿ, ಹಿಂದೆ ನದಿಯಲ್ಲಿ ನಡೆದ ಯುದ್ಧಕ್ಕೆ ನಾನು ಹಡಗು ತರದೇ ಇದ್ದಿದ್ದರೆ ಓಡುತ್ತಿದ್ದವನು ನೀನು ಎಂದ.

ಪುಸ್ತಕ ಮುಚ್ಚಿ ನೀರು ಕುಡಿದು ಬಂದೆ. ಇಷ್ಟು ದಿನ ಜಗಳದ ಮೂಲ ಆಟದ ಕಾಯಿ ಎಂದುಕೊಂಡಿದ್ದೆ. ಕಾಯಿಯಲ್ಲ. ಅಣ್ಣ ಹುಲಿ ಹಿಂದಕ್ಕೆ ತೆಗೆದಿದ್ದನ್ನು ನಮ್ಮ ಮನೆಯವರು ಮರೆಯುತ್ತಿದ್ದರು, ಇವರು ಆಟ ಚೆಲ್ಲಿದ್ದನ್ನು ಅಣ್ಣನೂ ಮರೆಯುತ್ತಿದ್ದ. ಮಾಡಿದ ಉಪಕಾರವನ್ನು ನಾಲ್ಕು ಜನರ ಎದುರಿಗೆ ಎತ್ತಿ ಆಡಿದ್ದು ಉಳಿಯಿತು. ಉಪಕಾರ ಮಾಡಿಸಿಕೊಂಡವನು ಅದನ್ನು ದಿನಾ ನೆನೆಯುತ್ತಲೇ ಇರುತ್ತಾನೆ. ಬೇರೆಯವರು ನೆನಪಿಸಿದಾಗ ಅದು ಬೈಗುಳವಾಗುತ್ತದೆ.

ಆ ಸಂಜೆ ನಮ್ಮ ಮನೆಯವರು ಪೇಪರ್ ಹಾಸಿಕೊಂಡು ಕಡಲೆಕಾಯಿ ಬಿಡಿಸುತ್ತಿದ್ದರು. ಯಾವ ಪೀಠಿಕೆಯೂ ಇಲ್ಲದೆ ಓದಿ ಹೇಳಿದೆ.

"ಹಲಗೆ ಮಗುಚಿದ್ನಾ? ಸರಿಯಾಗೇ ಮಾಡ್ದ," ಎಂದರು. "ಲೈನ್ ಕ್ಲಿಯರ್ ಕೊಟ್ಟ ಮೇಲೆ ಕೊಟ್ಟಂಗೆ. ರಾಜ ಆದ್ರೇನು?"

"ಪೂರ್ತಿ ಕೇಳಿ. ಬೆಳಿಗ್ಗೆ ಎದ್ದು ರಾಜ ಒಬ್ಬ ಆಳಿಗೆ, ಹೋಗಿ ಅವನನ್ನ ಕೊಂದು ಬಾ ಅಂದ. ಆಳು ಹಂಗೇ ವಾಪಸ್ ಬಂದ. ಯಾಕೋ ಅಂದ್ರೆ, ಚರ್ಚಲ್ಲಿದ್ದಾರೆ, ನನ್ನ ಕೈಲಿ ಆಗ್ಲಿಲ್ಲ ಅಂದ. ರಾಜ ಇನ್ನೊಬ್ಬನ್ನ ಕಳಿಸ್ದ. ಅವನು ಮುಗಿಸಿಕೊಂಡೇ ಬಂದ."

ಅವರ ಕೈ ನಿಂತಿತು. "ದೇವರ ಮುಂದೇನಾ?"

"ದೇವರ ಮುಂದೇನೇ."

ಕಡಲೆಕಾಯಿಯ ಸಿಪ್ಪೆಗಳನ್ನು ಒಂದು ಕಡೆಗೆ ಗುಡ್ಡೆ ಮಾಡಿದರು. ಆಮೇಲೆ, "ಆ ಹೆಣ್ಣುಮಗಳು ಏನ್ ಮಾಡಿದ್ಲು?" ಎಂದರು.

ಆ ಹೆಣ್ಣುಮಗಳು ಅಳುತ್ತಾ ಕೂತಳೋ ಏನೋ ಪುಸ್ತಕದಲ್ಲಿಲ್ಲ. ಅವಳ ಅಣ್ಣ, ಆ ರಾಜ, ಪರಿಹಾರವೆಂದು ಅವಳಿಗೆ ಜಮೀನು ಕೊಟ್ಟ. ಅವಳು ಅದನ್ನು ಚರ್ಚಿಗೆ ಬಿಟ್ಟು, ಗಂಡ ಸತ್ತುಬಿದ್ದ ಆ ಮರದ ಚರ್ಚನ್ನು ಕೆಡವಿಸಿ, ಅದೇ ಜಾಗದಲ್ಲಿ ಕಲ್ಲಿನದು ಕಟ್ಟಿಸಿದಳು. ಆ ಕಾಲಕ್ಕೆ ಆ ದೇಶದಲ್ಲಿ ಕಲ್ಲಿನ ಚರ್ಚೆಂದರೆ ಅಪರೂಪ. ಅದೂ ಈಗಿಲ್ಲ, ಅದರ ಮೇಲೆಯೇ ಇಟ್ಟಿಗೆಯದು ಬಂತು. ಇಟ್ಟಿಗೆಯ ಚರ್ಚಿನ ಒಂದು ಕಂಬದಲ್ಲಿ ಅವಳ ಮೂಳೆಗಳಿವೆ ಎಂದು ನೂರಾರು ವರ್ಷ ನಂಬಿದ್ದರು. ಇತ್ತೀಚೆಗೆ ಪರೀಕ್ಷೆ ಮಾಡಿ ನೋಡಿದರೆ ಅದು ಯಾರೋ ಬೇರೆ ಹೆಂಗಸಂತೆ. ಅಂದರೆ ಅವಳು ಎಲ್ಲಿದ್ದಾಳೆ ಎಂದು ಈಗ ಯಾರಿಗೂ ಗೊತ್ತಿಲ್ಲ.

ಇಷ್ಟನ್ನೂ ಹೇಳಿದೆ. ನಮ್ಮ ಮನೆಯವರು ಪೇಪರ್ ಮಡಚಿ, ಹಾಲು ತರುತ್ತೇನೆ ಎಂದು ಹೊರಗೆ ಹೋದರು. ಫ್ರಿಜ್ಜಿನಲ್ಲಿ ಎರಡು ಪ್ಯಾಕೆಟ್ ಹಾಲಿತ್ತು.

ಅತ್ತಿಗೆಗೆ ಫೋನಿನಲ್ಲಿ ಹೇಳದೆ ಇರುವೆನೇ? ನಾಲ್ಕು ದಿನ ಬಿಟ್ಟು ಅವಳದೇ ಫೋನು ಬಂತು, ಪಿಸುಮಾತಿನಲ್ಲಿ.

"ಆ ರಾಜನ ಕಥೆ ನಿಮ್ಮಣ್ಣಂಗೆ ಹೇಳ್ದೆ ಕಣೇ, ಊಟಕ್ಕೆ ಬಡಿಸ್ತಾ."

"ಏನಂದ?"

"ತಪ್ಪಿ ಇಟ್ಟಿದ್ರೆ ತಗೊಳ್ದೇ ಇನ್ನೇನ್ ಮಾಡ್ತಾನೆ ಅಂದ್ರು ಮೊದ್ಲು. ಆಮೇಲೆ ಕೈ ತೊಳೆಯೋಕೆ ಎದ್ದೋರು ಅಲ್ಲೇ ನಿಂತ್ಕೊಂಡು, ಆ ರಾಜ ಆಮೇಲೆ ತಂಗಿ ಮನೆಗೆ ಹೋದ್ನಂತಾ ಅಂತ ಕೇಳಿದ್ರು. ಪುಸ್ತಕದಲ್ಲಿ ಐತೇನೇ?"

ಹುಡುಕಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದೆ. ರಾಜ ಎಲ್ಲೆಲ್ಲಿ ಯುದ್ಧ ಮಾಡಿದ, ಯಾವ ಯಾವ ದೇಶ ಆಳಿದ, ಎಲ್ಲಾ ಇದೆ. ತಂಗಿಯ ಮಗ ಮುಂದೆ ಅದೇ ದೇಶಕ್ಕೆ ರಾಜನಾದ ಎಂದೂ ಇದೆ. ಅಣ್ಣ ತಂಗಿಯ ಮನೆಯ ಹೊಸ್ತಿಲು ತುಳಿದನೇ, ಅವಳು ಒಂದು ಲೋಟ ನೀರು ಕೊಟ್ಟಳೇ ಎಂದು ಒಂದು ಸಾಲೂ ಇಲ್ಲ. "ರಾಜ ಹೋದ್ನೋ ಇಲ್ವೋ ಬರೆದಿಲ್ಲ, ನಮ್ಮ ವರ್ಷತೊಡಕು ಇನ್ನೂ ಬಂದಿಲ್ಲ ಅಂತ ಅಣ್ಣಂಗೆ ಹೇಳು" ಎಂದೆ ಅತ್ತಿಗೆಗೆ.